ಬೇರೆ ಬೇರೆ ಕಾರ್ಖಾನೆ, ಒಂದೇ ಪಿಂಚಣಿ

ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಬರುವ ಮುಂಚೆ, ಮಳೆ ಕೈಕೊಟ್ಟ ವರ್ಷ ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯ ಜನ ದುಡಿಯಲು ಹೊರಟರೆಂದರೆ ಸಾಂಗಲಿ, ಪುಣೆ, ಮುಂಬೈ, ಗೋವಾ. ಕಳ್ಳಕವಟಗಿಯಂಥ ಊರುಗಳಿಗೆ ಬೆಂಗಳೂರಿಗಿಂತ ಸಾಂಗಲಿ, ಪುಣೆಗಳೇ ಸಮೀಪ. ಹೀಗೆ ಗುಳೆ ಹೋದವರಲ್ಲಿ ಕಾರ್ಖಾನೆ ಸೇರಿದವರ ಪಗಾರದಲ್ಲಿ ತಿಂಗಳು ತಿಂಗಳು ಪಿಎಫ್ (ಭವಿಷ್ಯ ನಿಧಿ) ಮುರಿಯುತ್ತಿತ್ತು. ಕೆಲಸ ಬಿಟ್ಟಾಗ ಆ ರೊಕ್ಕ ತೆಗೆದು ಮದುವೆಗೋ ಬೋರ್‌ವೆಲ್ಲಿಗೋ ಹಾಕಿದವರು ಬಹಳ. ಹಳೆಯ ಖಾತೆಯನ್ನು ಮರೆತೇ ಊರಿಗೆ ಮರಳಿದವರೂ ಇದ್ದಾರೆ. ಈ ಮರೆತವರಿಗಾಗಿಯೇ ಮುಖ್ಯವಾಗಿ ಈ ಬರಹ.

ಪಿಎಫ್ ರೊಕ್ಕದ ಜೊತೆಗೆ ಇನ್ನೊಂದು ಲೆಕ್ಕ ನಡೆದಿರುತ್ತದೆ. ಮಾಲೀಕರು ಕಟ್ಟುವ ಪಾಲಿನಲ್ಲಿ, ನಿಗದಿತ ಮಿತಿಯೊಳಗಿನ ಪಗಾರದ ಶೇ 8.33ರಷ್ಟು 1995ರ ನವೆಂಬರ್ 16ರಿಂದ ನೌಕರರ ಪಿಂಚಣಿ ಯೋಜನೆಗೆ ಹೋಗುತ್ತಿದೆ. ಹತ್ತು ವರ್ಷದ ಸೇವೆ ತುಂಬಿದರೆ 58ನೇ ವಯಸ್ಸಿನಿಂದ ಸಾಯುವವರೆಗೆ ಪಿಂಚಣಿ. ಆ ಹತ್ತು ವರ್ಷ ಒಂದೇ ಕಡೆ ದುಡಿದಿರಬೇಕೆಂದಿಲ್ಲ, ಸತತವಾಗಿಯೂ ಇರಬೇಕಿಲ್ಲ. ಸಾಂಗಲಿಯ ನಾಲ್ಕು, ಪುಣೆಯ ಮೂರು, ವಿಜಯಪುರದ ಮೂರು ವರ್ಷ ಸೇರಿದರೂ ಹತ್ತೇ. ಆದರೆ ನಡುವೆ ಎಲ್ಲಾದರೂ ಪಿಂಚಣಿಯ ಪಾಲನ್ನೂ ಹಿಂಪಡೆದಿದ್ದರೆ ಅಲ್ಲಿನ ಸೇವೆ ಲೆಕ್ಕದಿಂದ ಅಳಿಸಿಹೋಗುತ್ತದೆ. ಸಣ್ಣ ಮೊತ್ತದ ಆಸೆಗೆ ಬದುಕಿನುದ್ದದ ಆದಾಯ ಕೈಬಿಡುವುದನ್ನು ಕಂಡಾಗ ಸಂಕಟವಾಗುತ್ತದೆ. ಹತ್ತು ವರ್ಷ ತುಂಬದೆ ಕೆಲಸ ಬಿಟ್ಟವರು 10ಸಿ ಫಾರ್ಮಿನಲ್ಲಿ ರೊಕ್ಕದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಮುಂದಿನ ನೌಕರಿಗೆ ಆ ವರ್ಷಗಳು ಜೊತೆಯಾಗುತ್ತವೆ.

ಕಬ್ಬು ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಪ್ರತಿ ಮನೆಗೂ ಗೊತ್ತಿರಬೇಕಾದ ನಿಯಮ ಇನ್ನೊಂದಿದೆ. ಸಕ್ಕರೆ ಕಾರ್ಖಾನೆಯಂಥ ಕಡೆ ಹಂಗಾಮಿಗೆ ಮಾತ್ರ ದುಡಿದವರು ವರ್ಷಕ್ಕೆ ನಾಲ್ಕೈದು ತಿಂಗಳಷ್ಟೇ ಕೆಲಸ ಮಾಡಿದ್ದರೂ ಪಿಂಚಣಿ ಯೋಜನೆ ಅದನ್ನು ಪೂರ್ತಿ ಒಂದು ವರ್ಷವೆಂದೇ ಎಣಿಸುತ್ತದೆ. ತಿಂಗಳು ಕೂಡಿಸಿ ನೋಡಿ ‘ನನಗೆಲ್ಲಿ ಹತ್ತು ವರ್ಷ ಆದೀತು’ ಎಂದು ಕೈಚೆಲ್ಲಿದವರು ಇನ್ನೊಮ್ಮೆ ಲೆಕ್ಕ ಹಾಕಬೇಕು.

ಹಳೆಯ ಖಾತೆ ಹುಡುಕುವುದು ಹೇಗೆ? 2014ರ ಅಕ್ಟೋಬರಿನಲ್ಲಿ, ಕಾರ್ಖಾನೆ ಬದಲಾದರೂ ಬದಲಾಗದ 12 ಅಂಕಿಯ ಯುಎಎನ್ ನಂಬರು ಬಂತು. ಅದಕ್ಕೂ ಮುಂಚೆ ಕಾರ್ಖಾನೆ ಬದಲಾದಂತೆಲ್ಲ ಹೊಸ ಪಿಎಫ್ ನಂಬರು. ಹಳೆಯ ಪಗಾರ ಚೀಟಿ, ಗೇಟ್ ಪಾಸ್, ಇಎಸ್‌ಐ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಯಾವುದನ್ನೂ ಒಲೆಗೆ ಹಾಕಬೇಡಿ. ನಂಬರಿನ ಆರಂಭದ ಅಕ್ಷರಗಳೇ ರಾಜ್ಯವನ್ನು ಹೇಳುತ್ತವೆ: ಎಂಎಚ್ ಅಂದರೆ ಮಹಾರಾಷ್ಟ್ರ. ಕಾರ್ಖಾನೆ ಮುಚ್ಚಿದ್ದರೂ ಕಟ್ಟಿದ ರೊಕ್ಕದ ದಾಖಲೆ ಭವಿಷ್ಯ ನಿಧಿ ಕಚೇರಿಯಲ್ಲಿರುತ್ತದೆ.

ಖಾತೆ ಸಿಕ್ಕ ಮೇಲೆ ತೊಡಕು ಬರುವುದು ಹೆಸರಿನಲ್ಲಿ. ಮಹಾರಾಷ್ಟ್ರದಲ್ಲಿ ತಂದೆಯ ಹೆಸರನ್ನು ನಡುವೆ ಸೇರಿಸಿ ಬರೆದಿರುತ್ತಾರೆ, ಆಧಾರಿನಲ್ಲಿ ಅಡ್ಡಹೆಸರು ಮುಂದಿರುತ್ತದೆ. ಹುಟ್ಟಿದ ದಿನ ಶಾಲೆಯಲ್ಲಿ ಜೂನ್ 1 ಎಂದಾಗಿದ್ದರೆ ಕಾರ್ಖಾನೆಯಲ್ಲಿ ಬೇರೆಯೇ. ಇದಕ್ಕೆ ಜಂಟಿ ಘೋಷಣೆ ಸಲ್ಲಿಸಿ ತಿದ್ದಿಸಬೇಕು. ವಿಳಾಸದಲ್ಲಿ ಬಿಜಾಪುರ ಎಂದಿದೆ, ತಾಲ್ಲೂಕು ತಿಕೋಟಾ ಎಂದಿಲ್ಲ ಎಂದು ಹೆದರುವುದು ಬೇಡ. ಹೆಸರು, ಹುಟ್ಟಿದ ದಿನ, ಲಿಂಗ ಹೊಂದಿದರೆ ಕೆಲಸ ಸಾಗುತ್ತದೆ. ಆಮೇಲೆ ಹಳೆಯ ಖಾತೆಗಳನ್ನು ಈಗಿನ ಯುಎಎನ್‌ಗೆ ವರ್ಗಾಯಿಸಬೇಕು. ವರ್ಗವಾದ ಮೇಲೆ ಪಾಸ್‌ಬುಕ್ಕಿನ ಪಿಂಚಣಿ ಕಾಲಮ್ಮಿನಲ್ಲಿ ಸೊನ್ನೆ ಕಂಡು ಗಾಬರಿಯಾಗುವವರು ಹಲವರು. ಅಲ್ಲಿ ವರ್ಗವಾಗುವುದು ಸೇವೆಯ ಅವಧಿ. ಪಿಂಚಣಿಯ ರೊಕ್ಕ ಸಾಮೂಹಿಕ ನಿಧಿಯಲ್ಲೇ ಇರುತ್ತದೆ.

ಎಷ್ಟು ಸಿಗುತ್ತದೆ? ಪಿಂಚಣಿಗೆ ಲೆಕ್ಕವಾಗುವ ಪಗಾರವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 15,000 ರೂಪಾಯಿಗೆ 12 ವರ್ಷವಾದರೆ ತಿಂಗಳಿಗೆ ಸುಮಾರು 2,571 ರೂಪಾಯಿ. 2014ರಿಂದ ಕನಿಷ್ಠ ಪಿಂಚಣಿ 1,000 ರೂಪಾಯಿಗೇ ನಿಂತಿದೆ. ಇದು ತೀರ ಕಡಿಮೆ, ಏರಲೇಬೇಕು. ಹಾಗಿದ್ದರೂ ಮುಪ್ಪಿನಲ್ಲಿ ಔಷಧಿಗೆ ಮಕ್ಕಳ ಮುಂದೆ ಕೈಚಾಚದಷ್ಟಾದರೂ ಆಸರೆ ಅದರಲ್ಲಿದೆ. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕ್ ಶಾಖೆಯಲ್ಲಾದರೂ ಪಿಂಚಣಿ ಪಡೆಯಬಹುದು, ಪುಣೆಯ ದುಡಿಮೆಯದ್ದನ್ನು ತಿಕೋಟಾದಲ್ಲೂ.

ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ಭವಿಷ್ಯ ನಿಧಿ ಕಚೇರಿಯ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಯುತ್ತದೆ, ಕಾಗದಗಳ ಸಮೇತ ಅಲ್ಲಿಗೆ ಹೋಗಬಹುದು. ಹೋಗುವಾಗ ಹೆಂಡತಿಯನ್ನೂ ಕರೆದೊಯ್ಯಿರಿ. ಹತ್ತು ವರ್ಷ ತುಂಬಿದ ಸದಸ್ಯ 58ಕ್ಕೆ ಮುಂಚೆಯೇ ತೀರಿಕೊಂಡರೆ ಪಿಂಚಣಿಗೆ ಹಕ್ಕುದಾರಳು ಅವಳೇ. ಯುಎಎನ್ ಬರೆದ ಚೀಟಿ ಎಲ್ಲಿದೆಯೆಂದು ಅವಳಿಗೂ ಗೊತ್ತಿರಲಿ.