ಡ್ರೈಯರ್‌ನೊಳಗೆ ಪೆನ್ನಿನ ಶಾಯಿ: ಗಾಬರಿ ಬೇಡ, ಬೆಂಕಿಯ ಎಚ್ಚರ ಇರಲಿ



ಊರಿನಲ್ಲಿ ಬಟ್ಟೆ ಒಣಗಿಸಲು ಹಿತ್ತಲಿನ ಒಂದು ತಂತಿ ಸಾಕು. ಇಲ್ಲಿ ಬಹರೈನ್‌ನಲ್ಲಿ ಹಾಗಲ್ಲ. ಬೇಸಿಗೆಯಲ್ಲಿ ಸಮುದ್ರದ ತೇವ, ಗಾಳಿ ಎದ್ದರೆ ಧೂಳು. ಬಾಲ್ಕನಿಯಲ್ಲಿ ಹರವಿದ ಬಿಳಿ ಅಂಗಿ ಸಂಜೆಯ ಹೊತ್ತಿಗೆ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಹೀಗಾಗಿ ನಮ್ಮವರ ಅನೇಕ ಮನೆಗಳಲ್ಲಿ ಡ್ರೈಯರ್ ಸೇರಿಕೊಂಡಿದೆ. ಆ ಡ್ರೈಯರ್‌ನೊಳಗೆ ಒಂದು ಬಾಲ್ ಪೆನ್ನು ಸೇರಿಕೊಂಡರೆ ಏನಾಗುತ್ತದೆ ಎಂಬುದನ್ನು 2024ರ ಮೇ ತಿಂಗಳಲ್ಲಿ ನಾವು ಕಣ್ಣಾರೆ ಕಂಡೆವು.

ಆಗ ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದರು. ಮಗನ ಅಂಗಿಯ ಜೇಬಿನಲ್ಲಿ ಉಳಿದ ಪೆನ್ನು ಡ್ರೈಯರ್‌ನ ಶಾಖಕ್ಕೆ ಸೋರಿತು. ಡ್ರಮ್ ತುಂಬ ನೀಲಿ ಗೀರುಗಳು, ಅಪ್ಪನ ಬಿಳಿ ಪಂಚೆಯ ತುಂಬ ನೀಲಿ ಚುಕ್ಕೆಗಳು. ಮಗ ಅಳತೊಡಗಿದ. ಯಂತ್ರವೋ ಬಾಡಿಗೆ ಮನೆಯ ಜೊತೆ ಬಂದದ್ದು. ಪರಿಚಿತರೊಬ್ಬರು ಫೋನಿನಲ್ಲಿ "ಸ್ವಲ್ಪ ಪೆಟ್ರೋಲ್‌ನಲ್ಲಿ ಒರೆಸಿಬಿಡಿ, ಕ್ಷಣದಲ್ಲಿ ಹೋಗುತ್ತದೆ" ಎಂದರು. ನಾವು ಹೊರಟೂ ಇದ್ದೆವು. ಅಪ್ಪ ತಡೆದು, "ಅದರೊಳಗೆ ಹೀಟರ್ ಇದೆಯಲ್ಲವೇನಪ್ಪ?" ಎಂದರು. ಆ ಒಂದು ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ದೋಷ ಸರಿಪಡಿಸುವ ಮೊದಲು ಅದರ ಕಾರಣ ತಿಳಿಯಬೇಕು. ಇಲ್ಲಿಯೂ ಹಾಗೆಯೇ. ಬಾಲ್ ಪೆನ್ನಿನ ಶಾಯಿ ಎಂದರೆ ಎಣ್ಣೆಯಂಥ ದ್ರವದಲ್ಲಿ ಕರಗಿಸಿದ ಬಣ್ಣ. ಬರೀ ನೀರಿಗೆ ಅದು ಜಗ್ಗುವುದಿಲ್ಲ, ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಡ್ರಮ್ ಬಿಸಿಯಾದಾಗಲೆಲ್ಲ ಉಳಿದ ಶಾಯಿ ಮೆತ್ತಗಾಗಿ ಮುಂದಿನ ಬಟ್ಟೆಗೂ ಅಂಟುತ್ತದೆ. ಆದ್ದರಿಂದ ಡ್ರಮ್ ಶುಚಿ ಮಾಡುವ ತನಕ ಇನ್ನೊಂದು ಕಂತು ಬಟ್ಟೆ ಹಾಕಬೇಡಿ.

ನಾವು ಅನುಸರಿಸಿದ ಕ್ರಮ ಹೀಗಿದೆ:

1. ಪ್ಲಗ್ ಕಿತ್ತುಬಿಡಿ. ಗುಂಡಿ ಒತ್ತಿ ನಿಲ್ಲಿಸಿದರೆ ಸಾಲದು. ಡ್ರಮ್ ಪೂರ್ತಿ ತಣ್ಣಗಾಗಲಿ. ಕಿಟಕಿ ತೆರೆಯಿರಿ. ಹತ್ತಿರದಲ್ಲಿ ದೇವರ ದೀಪ, ಊದುಬತ್ತಿ, ಉರಿಯುವ ಒಲೆ ಇರಬಾರದು.

2. ಮೊದಲು ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿ, ಅದ್ದಿ ಹಿಂಡಿದ ಬಟ್ಟೆಯಿಂದ ಉಜ್ಜಿ. ಹೊಸ ಕಲೆ ಇದರಲ್ಲೇ ಅರ್ಧ ಹೋಗಬಹುದು.

3. ಉಳಿದದ್ದಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ ಶೇ. 70ರ ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸಿ. ಕೈಗವಸು ಹಾಕಿಕೊಳ್ಳಿ. ಬಿಳಿ ಬಟ್ಟೆಯ ತುದಿಗೆ ಸ್ವಲ್ಪವೇ ತಾಗಿಸಿ ಒರೆಸಿ. ಡ್ರಮ್ಮಿನೊಳಗೆ ಎಂದೂ ಸುರಿಯಬೇಡಿ, ಸಿಂಪಡಿಸಬೇಡಿ. ಡ್ರಮ್ಮಿನ ತೂತುಗಳ ಆಚೆ ವಿದ್ಯುತ್ ಭಾಗಗಳಿವೆ.

4. ಬಟ್ಟೆಯ ಶುಭ್ರ ಭಾಗವನ್ನು ಆಗಾಗ ಬದಲಿಸುತ್ತಿರಿ. ಇಲ್ಲವಾದರೆ ಕಲೆ ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಪ್ಲಾಸ್ಟಿಕ್ ರೆಕ್ಕೆಗಳ ಅಂಚು ಮತ್ತು ಬಾಗಿಲಿನ ಸುತ್ತ ಮರೆಯದೆ ನೋಡಿ.

5. ಮತ್ತೆ ಸೋಪಿನ ಬಟ್ಟೆ, ನಂತರ ಬರೀ ನೀರಿನ ಬಟ್ಟೆಯಿಂದ ಒರೆಸಿ. ಬಾಗಿಲು ತೆರೆದಿಟ್ಟು, ಆಲ್ಕೋಹಾಲ್ ವಾಸನೆ ಸಂಪೂರ್ಣ ಹೋಗುವವರೆಗೆ ಬಿಡಿ. ನಾವು ಒಂದು ರಾತ್ರಿ ಬಿಟ್ಟೆವು.

6. ಕೊನೆಗೆ ನೀರಿನಲ್ಲಿ ಒದ್ದೆ ಮಾಡಿದ ಹಳೆಯ ಬಿಳಿ ಬಟ್ಟೆ ಹಾಕಿ ಯಂತ್ರ ಓಡಿಸಿ. ಅದು ಬೆಳ್ಳಗೆ ಹೊರಬಂದರೆ ಕೆಲಸ ಮುಗಿಯಿತು. ಡ್ರಮ್ಮಿನಲ್ಲಿ ಮಸುಕು ನೆರಳು ಉಳಿದರೂ ಚಿಂತೆಯಿಲ್ಲ.

ಇಷ್ಟೊಂದು ಎಚ್ಚರ ಏಕೆ? ಐಸೋಪ್ರೊಪೈಲ್ ಆಲ್ಕೋಹಾಲ್‌ನ ಆವಿ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಇಲ್ಲಿನ ಬೇಸಿಗೆಯೋ 40 ಡಿಗ್ರಿ ದಾಟುತ್ತದೆ. ಪೆಟ್ರೋಲಂತೂ ಇನ್ನೂ ಅಪಾಯಕಾರಿ, ಅದನ್ನು ಮನೆಯೊಳಗೆ ತರಲೇಬೇಡಿ. ಉಗುರುಬಣ್ಣ ತೆಗೆಯುವ ಅಸಿಟೋನ್ ಪ್ಲಾಸ್ಟಿಕ್ ಭಾಗಗಳನ್ನು ಕರಗಿಸಬಹುದು. ಬ್ಲೀಚನ್ನು ಆಲ್ಕೋಹಾಲ್ ಅಥವಾ ಅಮೋನಿಯಾ ಜೊತೆ ಬೆರೆಸಿದರೆ ವಿಷಕಾರಿ ವಸ್ತುಗಳು ಹುಟ್ಟುತ್ತವೆ. ಆಲ್ಕೋಹಾಲ್ ತಾಗಿದ ಬಟ್ಟೆಯನ್ನೂ ನೀರಿನಲ್ಲಿ ಒಗೆದು ಗಾಳಿಗೆ ಆರಿಸಿ, ಡ್ರೈಯರ್‌ಗೆ ಹಾಕಬೇಡಿ.

ನಾವು ಉಜ್ಜುತ್ತಿದ್ದಾಗ ಮಗ ಅಜ್ಜನ ಎಡಗೈ ತೋರುಬೆರಳು ನೋಡಿ, "ಇದೂ ಆಲ್ಕೋಹಾಲ್‌ಗೆ ಹೋಗುತ್ತದೆಯೇ?" ಎಂದು ಕೇಳಿದ. ಏಪ್ರಿಲ್ 26ರಂದು ಮೈಸೂರಿನಲ್ಲಿ ಲೋಕಸಭೆಗೆ ಮತ ಹಾಕಿದ ಗುರುತು ಇನ್ನೂ ಉಗುರಿನ ಮೇಲಿತ್ತು. ಅದು ಹೋಗುವುದಿಲ್ಲ. ಆ ಶಾಯಿಯನ್ನು ತಯಾರಿಸುವುದು ನಮ್ಮ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಇದು 1962ರ ಚುನಾವಣೆಯಿಂದ ಶಾಯಿ ಒದಗಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಂದಿಗೆ ಸೇರಿ, ಬೆಳಕಿಗೆ ಕಪ್ಪಾಗಿ ಅಲ್ಲೇ ಕೂರುತ್ತದೆ. ಉಗುರು ಬೆಳೆದು ಕತ್ತರಿಸಿದಾಗಲೇ ಅದಕ್ಕೆ ಬಿಡುಗಡೆ. ಪೆನ್ನಿನ ಬಣ್ಣ ಮೇಲೆ ಅಂಟಿಕೊಂಡದ್ದು, ಅದಕ್ಕೇ ಕರಗಿ ಬರುತ್ತದೆ.

ಡ್ರಮ್ ಶುಚಿಯಾಯಿತು. ಪಂಚೆಯಲ್ಲಿ ಮಾತ್ರ ಎರಡು ಚುಕ್ಕೆ ಉಳಿದವು. ಅಪ್ಪ ಅದನ್ನೇ ಉಟ್ಟು, ಮೊಮ್ಮಗನಿಗೆ "ನೀನೂ ನನಗೆ ಮತ ಹಾಕಿದೆ ಬಿಡು" ಎಂದು ನಕ್ಕರು. ಅಂದಿನಿಂದ ಎಲ್ಲರ ಜೇಬು ತಡಕುವ ಕೆಲಸ ಮಗನದೇ. ನೀವೂ ಯಂತ್ರಕ್ಕೆ ಬಟ್ಟೆ ಹಾಕುವ ಮುನ್ನ ಒಮ್ಮೆ ಜೇಬು ನೋಡಿಕೊಳ್ಳಿ.