ಬೆಲೆ ತೆರದ ಮಾಯೆ

ಮಕ್ಕಳಿಗೆಂದೇ ಬರೆದ ಮಾಂತ್ರಿಕ ಕಾದಂಬರಿಯೊಂದು, ಪುಟಪುಟದಲ್ಲಿಯೂ ಗುಡುಗು ಮಿಂಚು ಅದೃಶ್ಯಶಕ್ತಿಗಳನ್ನು ತುಂಬಿಕೊಂಡಿದ್ದರೂ, ಕಡೆಗೆ ಎಳೆಯ ಓದುಗನನ್ನು ನಿರಾಶೆಗೊಳಿಸುವುದೇತಕ್ಕೆ?

ಅಲ್ಲಿಯ ಬಾಲಕಬಾಲಿಕೆಯರಿಗೆ ಶಕ್ತಿಯೇನೋ ಹುಟ್ಟಿನೊಡನೆಯೇ ಬಂದಿರುತ್ತದೆ. ಆದರೆ ಅದಕ್ಕೊಂದು ನಿಯಮವಿಲ್ಲ, ತಪ್ಪಿದರೆ ತೆರಬೇಕಾದ ದಂಡವಿಲ್ಲ. ಸಂಕಟ ಒದಗಿದಾಗಲೆಲ್ಲ ಹೊಸದೊಂದು ಮಂತ್ರ ಉದ್ಭವಿಸುವುದರಿಂದ, ಓದುವ ಮಗುವಿಗೆ ಭಯವೂ ಉಳಿಯದು, ಕುತೂಹಲವೂ ಉಳಿಯದು.

ಇದಕ್ಕೆ ಪ್ರತಿಯಾಗಿ, ನಮ್ಮ ಜನಪದ ಕಥೆಯಲ್ಲಿ ಹೂವಿನ ಮರವಾಗುವ ಹುಡುಗಿಯನ್ನು ನೆನೆಯಿರಿ. ಬಡತಾಯಿಗೆ ನೆರವಾಗಲೆಂದು, ಒಂದು ಕೊಡ ನೀರಿಗೆ ಮರವಾಗಿ, ಇನ್ನೊಂದು ಕೊಡಕ್ಕೆ ಮರಳಿ ಮನುಷ್ಯಳಾಗುವ ಆಕೆ, ಹೂ ಕೊಯ್ಯುವವರು ವಿವೇಕಗೆಟ್ಟು ಕೊಂಬೆ ಮುರಿದಾಗ ಅಂಗಹೀನಳಾಗಿ ಬೀಳುತ್ತಾಳೆ. ಇಲ್ಲಿಯ ಮಾಯೆಗೆ ನಿಯಮವೂ ಉಂಟು, ತಪ್ಪಿದರೆ ತೆರಬೇಕಾದ ಬೆಲೆಯೂ ಉಂಟು. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಈ ಕಥೆ 1992ರಲ್ಲಿ ಗಿರೀಶ ಕಾರ್ನಾಡರ ‘ಚೆಲುವಿ’ ಚಿತ್ರವಾಯಿತು. 2006ರಲ್ಲಿ ವಿಯೆನ್ನಾದಲ್ಲಿ ಜಾನ್ ಆಡಮ್ಸರ ಗೀತನಾಟಕವಾಗಿ ರಂಗವೇರಿತು.

ಇಂತಹ ಜನಪದ ಸಂಪತ್ತನ್ನು ಕಾಪಾಡಲೆಂದೇ ನಾಗಮಂಗಲ ಸೀಮೆಯ ಎಚ್. ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತನ್ನು ಕಟ್ಟಿದರು.

ಆದುದರಿಂದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ತಾಯ್ತಂದೆಯರೇ, ರಕ್ಷಾಪುಟದ ಬಣ್ಣಕ್ಕೆ ಮರುಳಾಗಿ ಕಾದಂಬರಿ ಕೊಳ್ಳುವ ಮುನ್ನ, ಮನೆಯ ಅಜ್ಜಿಯಿಂದ ಮಕ್ಕಳಿಗೆ ಒಂದು ಕಥೆ ಹೇಳಿಸಿರಿ.