ಅರ್ಧ ಅಂಗುಲದ ಅಂತರ

ಆಪತ್ತು ಹೇಳಿ ಕೇಳಿ ಬರುವುದಿಲ್ಲ. ಬೆಂಕಿ, ನೆರೆ, ಭೂಕಂಪ ಮೊದಲಾದವು ಮನುಷ್ಯನ ಅನುಕೂಲವನ್ನು ನೋಡಿಕೊಂಡು ಬರುವವಲ್ಲ. ‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಬಾವಿಯನ್ನು ಮುಂಚಿತವಾಗಿಯೇ ತೋಡಿಟ್ಟುಕೊಂಡಿರಬೇಕು ಎಂಬುದು ಅದರ ತಾತ್ಪರ್ಯ. ಆದರೆ ಬಾವಿಯೂ ಇದ್ದು, ಹಗ್ಗವೂ ಇದ್ದು, ನೆರೆಯೂರಿನ ಜನರು ಕೊಡಗಳನ್ನು ಹಿಡಿದು ಓಡಿಬಂದರೂ ನೀರು ಬೆಂಕಿಯವರೆಗೆ ತಲುಪದೆ ಹೋದರೆ ಏನು ಮಾಡುವುದು? ಅಂತಹ ಸಂದರ್ಭವೊಂದು 1991ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಓಕ್‌ಲ್ಯಾಂಡ್ ನಗರಕ್ಕೆ ಒದಗಿತು.

ಓಕ್‌ಲ್ಯಾಂಡ್ ನಗರವು ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವದ ದಡದಲ್ಲಿದೆ. ಅದರ ಬೆನ್ನಿಗೆ ಬೆಟ್ಟಗಳ ಸಾಲು. ಆ ಬೆಟ್ಟಗಳ ಇಳಿಜಾರಿನಲ್ಲಿ ಸಾವಿರಾರು ಮನೆಗಳು, ಅವುಗಳ ನಡುವೆ ಅಂಕುಡೊಂಕಾದ ಕಿರಿದಾದ ರಸ್ತೆಗಳು, ಸುತ್ತಲೂ ಪೈನ್ ಮರಗಳು ಮತ್ತು ನಮಗೂ ಪರಿಚಿತವಾದ ನೀಲಗಿರಿ ಮರಗಳು. ನೀಲಗಿರಿಯ ಎಲೆಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅದಕ್ಕೆ ಬೆಂಕಿ ಬಹು ಬೇಗ ಹತ್ತುತ್ತದೆ. ಐದು ವರ್ಷಗಳ ಅನಾವೃಷ್ಟಿಯಿಂದ ಅಲ್ಲಿನ ಹುಲ್ಲು, ಪೊದೆಗಳೆಲ್ಲವೂ ಒಣಗಿಹೋಗಿದ್ದವು.

1991ರ ಅಕ್ಟೋಬರ್ 19ರಂದು ಬೆಟ್ಟದಲ್ಲಿ ಒಂದು ಸಣ್ಣ ಹುಲ್ಲುಬೆಂಕಿ ಕಾಣಿಸಿಕೊಂಡಿತು. ಅಗ್ನಿಶಾಮಕ ದಳದವರು ಅದನ್ನು ಹತೋಟಿಗೆ ತಂದರು. ಆದರೆ ಬೂದಿಯ ಕೆಳಗೆ ಕಿಡಿಯು ಉಳಿದಿತ್ತು. ಮರುದಿನ ಭಾನುವಾರ ಬಿಸಿಯಾದ ಒಣಗಾಳಿಯು ಪೂರ್ವದಿಂದ ರಭಸವಾಗಿ ಬೀಸಿತು. ಅಡಗಿದ್ದ ಕಿಡಿಯು ಮತ್ತೆ ಹೊತ್ತಿಕೊಂಡಿತು. ನೋಡನೋಡುತ್ತಿದ್ದಂತೆ ಬೆಂಕಿಯು ಮರದಿಂದ ಮರಕ್ಕೆ, ಮನೆಯಿಂದ ಮನೆಗೆ ಹಾರಿತು. ಅಂದು 25 ಜನರು ಪ್ರಾಣ ಕಳೆದುಕೊಂಡರು. ಸುಮಾರು 150 ಜನರು ಗಾಯಗೊಂಡರು. 1,500 ಎಕರೆಗಿಂತ ಹೆಚ್ಚಿನ ಪ್ರದೇಶದಲ್ಲಿ ಸುಮಾರು ಮೂರು ಸಾವಿರ ವಾಸದ ಮನೆಗಳು ಸುಟ್ಟು ಬೂದಿಯಾದವು. ಇತರರನ್ನು ರಕ್ಷಿಸಲು ಹೋದ ಒಬ್ಬ ಪೊಲೀಸ್ ಅಧಿಕಾರಿಯೂ ಒಬ್ಬ ಅಗ್ನಿಶಾಮಕ ಅಧಿಕಾರಿಯೂ ಮಡಿದವರಲ್ಲಿ ಸೇರಿದ್ದರು.

ಸಹಾಯವು ಬರಲಿಲ್ಲವೇ? ಬಂದಿತು. ವಿಪತ್ತಿನಲ್ಲಿ ಒಬ್ಬರಿಗೊಬ್ಬರು ನೆರವಾಗಬೇಕೆಂಬ ಒಪ್ಪಂದವನ್ನು ಕ್ಯಾಲಿಫೋರ್ನಿಯದ ನಗರಗಳು 1950ರಿಂದಲೇ ಪಾಲಿಸಿಕೊಂಡು ಬಂದಿದ್ದವು. ಆ ಪ್ರಕಾರ ದೂರದ ಊರುಗಳಿಂದ 400ಕ್ಕೂ ಹೆಚ್ಚು ಅಗ್ನಿಶಾಮಕ ವಾಹನಗಳು ಧಾವಿಸಿ ಬಂದವು. ಅಲ್ಲಿಯೇ ತೊಡಕು ಎದುರಾಯಿತು. ರಸ್ತೆಯ ಬದಿಯಲ್ಲಿ ಅಗ್ನಿಶಾಮಕ ದಳಕ್ಕೆಂದೇ ನಿಲ್ಲಿಸಿರುವ ನೀರಿನ ಕೊಳಾಯಿಗಳಿಗೆ ಹೈಡ್ರಂಟ್ ಎಂದು ಹೆಸರು. ಇತರ ಊರುಗಳಲ್ಲಿ ಅದರ ಬಾಯಿಯ ಅಳತೆ ಸಾಮಾನ್ಯವಾಗಿ ಎರಡೂವರೆ ಅಂಗುಲ. ಓಕ್‌ಲ್ಯಾಂಡಿನಲ್ಲಿ ಮೂರು ಅಂಗುಲ. ಹೊರಗಿನಿಂದ ಬಂದವರ ಕೊಳವೆಗಳು ಅಲ್ಲಿಯ ಕೊಳಾಯಿಗೆ ಕೂಡಲಿಲ್ಲ. ಎರಡನ್ನೂ ಕೂಡಿಸುವ ಜೋಡಣೆಯ ತುಂಡುಗಳು ಎಲ್ಲರ ಬಳಿಯೂ ಇರಲಿಲ್ಲ. ಮೇಲಾಗಿ, ಒಂದು ದಳದ ರೇಡಿಯೋ ಮಾತು ಇನ್ನೊಂದು ದಳಕ್ಕೆ ಸುಲಭವಾಗಿ ಕೇಳುತ್ತಿರಲಿಲ್ಲ. ಯಾರು ಎಲ್ಲಿಗೆ ಹೋಗಬೇಕು, ಯಾರ ಆಜ್ಞೆಯನ್ನು ಪಾಲಿಸಬೇಕು ಎಂಬುದು ಹಲವರಿಗೆ ತಿಳಿಯದಾಯಿತು.

ಈ ಅರ್ಧ ಅಂಗುಲದ ಅಂತರವೊಂದೇ ಅನಾಹುತಕ್ಕೆ ಕಾರಣವೆಂದು ಹೇಳುವುದು ಸರಿಯಲ್ಲ. ಗಾಳಿಯ ರಭಸ, ಒಣಗಿದ ಮರಗಳು, ಇಕ್ಕಟ್ಟಾದ ರಸ್ತೆಗಳು ಇವೆಲ್ಲವೂ ಕಾರಣಗಳೇ. ವಿದ್ಯುತ್ ತಂತಿಗಳು ಸುಟ್ಟುಹೋಗಿ, ಬೆಟ್ಟದ ಮೇಲಿನ ತೊಟ್ಟಿಗಳಿಗೆ ನೀರನ್ನು ಏರಿಸುವ ಯಂತ್ರಗಳೂ ನಿಂತುಹೋಗಿದ್ದವು. ಆದರೆ ಗಾಳಿಯನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಅಳತೆಗಳನ್ನು ಸರಿಪಡಿಸುವುದು ಅವನ ಕೈಯಲ್ಲಿದೆ.

ಈ ಅನುಭವವು ಶಾಸನವೊಂದಕ್ಕೆ ದಾರಿಯಾಯಿತು. ಓಕ್‌ಲ್ಯಾಂಡಿನ ಪ್ರತಿನಿಧಿಯಾಗಿದ್ದ ನಿಕೊಲಸ್ ಪೆಟ್ರಿಸ್ ಅವರು ರಾಜ್ಯದ ಸೆನೆಟ್ಟಿನಲ್ಲಿ ಮಂಡಿಸಿದ ಮಸೂದೆಯು ಅಂಗೀಕಾರವಾಗಿ 1993ರಲ್ಲಿ ಜಾರಿಗೆ ಬಂದಿತು. ಅದರಂತೆ ರೂಪುಗೊಂಡ ಕ್ರಮಕ್ಕೆ ‘ಪ್ರಮಾಣೀಕೃತ ತುರ್ತು ನಿರ್ವಹಣಾ ವ್ಯವಸ್ಥೆ’ ಎಂದು ಹೆಸರು. ರಾಜ್ಯದ ಇಲಾಖೆಗಳು ಇದನ್ನು ಕಡ್ಡಾಯವಾಗಿ ಅನುಸರಿಸಬೇಕು. ನಗರಗಳು ಆಪತ್ತಿನಲ್ಲಿ ಮಾಡಿದ ನೌಕರರ ವೆಚ್ಚವನ್ನು ರಾಜ್ಯದಿಂದ ಮರಳಿ ಪಡೆಯಬೇಕಾದರೆ ಅವೂ ಇದನ್ನು ಅಳವಡಿಸಿಕೊಂಡಿರಬೇಕು. ಓಕ್‌ಲ್ಯಾಂಡ್ ನಗರವು ಈ ವ್ಯವಸ್ಥೆಯನ್ನು ಸ್ವೀಕರಿಸಿತು. ತನ್ನ ಕೊಳಾಯಿಗಳನ್ನೂ ಎಲ್ಲರ ಅಳತೆಗೆ ತಂದುಕೊಂಡಿತು.

ಈ ವ್ಯವಸ್ಥೆಯ ಮೂಲವು ಇನ್ನೂ ಹಿಂದಿನದು. 1970ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ 13 ದಿನಗಳ ಕಾಲ ಕಾಡ್ಗಿಚ್ಚುಗಳು ಉರಿದು 16 ಜನರು ಸತ್ತರು. ಜನಬಲ, ಯಂತ್ರಬಲಗಳ ಕೊರತೆಗಿಂತ ಹೊಂದಾಣಿಕೆಯ ಕೊರತೆಯೇ ದೊಡ್ಡದೆಂದು ಆಗ ಕಂಡುಬಂದಿತು. ಅದರ ಫಲವಾಗಿ ಒಂದು ಆಜ್ಞಾಪದ್ಧತಿಯು ರೂಪುಗೊಂಡಿತು. ಅದರಲ್ಲಿ ಐದು ಕೆಲಸಗಳುಂಟು: ಆಜ್ಞೆ ಕೊಡುವುದು, ಕಾರ್ಯಾಚರಣೆ ನಡೆಸುವುದು, ಯೋಜನೆ ಹಾಕುವುದು, ಸಾಮಗ್ರಿ ಒದಗಿಸುವುದು, ಹಣದ ಲೆಕ್ಕವಿಡುವುದು. ಆಪತ್ತು ಚಿಕ್ಕದಾಗಿದ್ದರೆ ಒಬ್ಬನೇ ಈ ಐದನ್ನೂ ನೋಡಿಕೊಳ್ಳಬಹುದು. ದೊಡ್ಡದಾದಂತೆ ಒಂದೊಂದಕ್ಕೂ ಬೇರೆ ಬೇರೆ ಜನ. ಒಬ್ಬ ಅಧಿಕಾರಿಯ ಕೈಕೆಳಗೆ ಮೂರರಿಂದ ಏಳು ಜನರಿರಬೇಕು. ಐದು ಜನರಿದ್ದರೆ ಉತ್ತಮ. ಪ್ರತಿಯೊಬ್ಬನಿಗೂ ಒಬ್ಬನೇ ಮೇಲಧಿಕಾರಿ.

ಮಾತಿನಲ್ಲಿಯೂ ಏಕರೂಪತೆ ಬೇಕು. ‘ಟ್ಯಾಂಕರ್’ ಎಂದರೆ ಒಂದು ಕಡೆಯವರಿಗೆ ನೀರು ತರುವ ಲಾರಿ. ಇನ್ನೊಂದು ಕಡೆಯವರಿಗೆ ಬೆಂಕಿಯ ಮೇಲೆ ನೀರು ಸುರಿಯುವ ವಿಮಾನ. ಲಾರಿಯನ್ನು ಬೇಡಿದವನಿಗೆ ವಿಮಾನ ಬಂದರೆ ಏನಾದೀತು? ಆದ್ದರಿಂದ ಈ ಪದ್ಧತಿಯಲ್ಲಿ ಆ ಪದವು ವಿಮಾನಕ್ಕೆ ಮಾತ್ರ ಮೀಸಲು. ಗುಪ್ತ ಸಂಕೇತಗಳನ್ನು ಬಿಟ್ಟು ಸರಳವಾದ ಮಾತನ್ನೇ ಆಡಬೇಕೆಂಬುದು ಮತ್ತೊಂದು ನಿಯಮ.

ಇಷ್ಟೊಂದು ಕಟ್ಟುಪಾಡು ಏಕೆ, ಸಮಯಸ್ಫೂರ್ತಿಗೆ ಬೆಲೆಯಿಲ್ಲವೇ ಎಂದು ನೀವು ಕೇಳಬಹುದು. ಬೆಲೆಯುಂಟು. ಬೆಂಕಿಯ ಮುಂದೆ ನಿಂತವನು ಗಾಳಿಯ ದಿಕ್ಕನ್ನು ನೋಡಿ ತಾನೇ ನಿರ್ಧರಿಸಬೇಕಾದ ಸಂಗತಿಗಳು ಎಷ್ಟೋ ಇರುತ್ತವೆ. ಕೊಳವೆಯ ಅಳತೆ, ಪದದ ಅರ್ಥ, ಅಧಿಕಾರಿಯ ಹೆಸರು ಇವು ಮೊದಲೇ ನಿಶ್ಚಯವಾಗಿದ್ದರೆ ಅವನ ಬುದ್ಧಿಯು ಅಂತಹ ಸಂಗತಿಗಳಿಗೆ ಬಿಡುವಾಗಿರುತ್ತದೆ.

ನಮ್ಮ ದೇಶವೂ ಈ ಪಾಠವನ್ನು ಸ್ವೀಕರಿಸಿದೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ತರುವಾಯ, 2010ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಇದೇ ಪದ್ಧತಿಯನ್ನು ನಮ್ಮ ಆಡಳಿತಕ್ಕೆ ಹೊಂದಿಸಿ ಮಾರ್ಗಸೂಚಿಯನ್ನು ಹೊರಡಿಸಿತು. ಅದರಂತೆ ಜಿಲ್ಲೆಯ ಹೊಣೆಯು ಜಿಲ್ಲಾಧಿಕಾರಿಯದು.

ಓಕ್‌ಲ್ಯಾಂಡಿಗೆ ಅಂದು ಓಡಿಬಂದವರಲ್ಲಿ ಧೈರ್ಯಕ್ಕಾಗಲಿ, ಕರುಣೆಗಾಗಲಿ ಕೊರತೆಯಿರಲಿಲ್ಲ. ಆದರೂ ಅವರಲ್ಲಿ ಎಷ್ಟೋ ಜನರು ಕೈಯಲ್ಲಿ ಕೊಳವೆಯನ್ನು ಹಿಡಿದು, ನೀರಿರುವ ಕೊಳಾಯಿಯ ಮುಂದೆ ಅಸಹಾಯಕರಾಗಿ ನಿಲ್ಲಬೇಕಾಯಿತು. ನೆರವಾಗುವ ಮನಸ್ಸು ಇದ್ದರಷ್ಟೇ ಸಾಲದು. ಆ ನೆರವು ಕಷ್ಟದಲ್ಲಿರುವವರನ್ನು ಮುಟ್ಟುವಂತೆ ಶಾಂತಿಯ ದಿನಗಳಲ್ಲಿಯೇ ಏರ್ಪಾಡು ಮಾಡಿಕೊಳ್ಳುವುದು ನಾಗರಿಕರೆನಿಸಿಕೊಂಡವರ ಕರ್ತವ್ಯವಾಗಿದೆ.